ಅವರ ಜಗಳ ಅವರಿಗೆ, ಮೂರನೇ ವರ್ಷ ನಮಗೆ: ಐಫೋನಾ, ಆಂಡ್ರಾಯ್ಡಾ?

ಸೆಪ್ಟೆಂಬರ್ ಬಂತು ಅಂದರೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಆಪಲ್ ಹೊಸ ಐಫೋನ್ ತೋರಿಸಿದ ರಾತ್ರಿಯೇ ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ವಿಡಿಯೊ ಹಾಕುತ್ತಾನೆ. ಐದೇ ನಿಮಿಷಕ್ಕೆ ಸಾಗರದ ಭಾವ, 'ಇದೆಲ್ಲ ನನ್ನ ಸ್ಯಾಮ್‌ಸಂಗ್‌ನಲ್ಲಿ ಮೂರು ವರ್ಷದಿಂದ ಇದೆ' ಅಂತ ಬರೆಯುತ್ತಾರೆ. ಬೆಳಗಾಗುವಷ್ಟರಲ್ಲಿ ನಲವತ್ತು ಮೆಸೇಜು. ಕೊನೆಗೆ ಅಕ್ಕ ನನಗೆ ಬೇರೆಯಾಗಿ ಫೋನ್ ಮಾಡುತ್ತಾಳೆ. 'ಅವ್ರದ್ದು ಇದ್ದಿದ್ದೇ ಮಾರಾಯ, ಮಗಳಿಗೆ ಯಾವ್ದು ತಗೊಳ್ಳಲಿ ಹೇಳು.'

ನನ್ನ ಉತ್ತರ ಸುಮಾರು ವರ್ಷದಿಂದ ಬದಲಾಗಿಲ್ಲ. ವೇದಿಕೆ ಮೇಲೆ ನಿಂತು ಅವರು ಹೇಳುವುದೆಲ್ಲ ಮೊದಲ ವಾರದ ಮಾತು. ಫೋನ್ ನಮ್ಮ ಜೇಬಿನಲ್ಲಿರುವುದು ಮೂರ್ನಾಲ್ಕು ವರ್ಷ. ಇಎಂಐ ಮುಗಿದಿದೆ, ಪಾರದರ್ಶಕ ಕವರ್ ಹಳದಿಯಾಗಿದೆ, ಬ್ಯಾಟರಿ ಮಧ್ಯಾಹ್ನಕ್ಕೇ ಸುಸ್ತಾಗುತ್ತಿದೆ. ಆ ಮೂರನೇ ವರ್ಷದಲ್ಲಿ ಫೋನು ಹೇಗಿರುತ್ತದೆ ಅಂತ ಯೋಚಿಸಿ ಆರಿಸಿ. ಈ ಹೋಲಿಕೆಯನ್ನೆಲ್ಲ ನಾನು ಆ ಕಣ್ಣಿನಿಂದಲೇ ಮಾಡಿದ್ದೇನೆ. ಹಾಗಾಗಿ ಎಷ್ಟು ಮೆಗಾಪಿಕ್ಸೆಲ್, ಎಷ್ಟು ಕೋರ್ ಅನ್ನುವ ಪಟ್ಟಿ ಇಲ್ಲಿ ಸಿಗುವುದಿಲ್ಲ.

ಮೊದಲು ಆ ಜಗಳದ ಬಂಡವಾಳ

2016ರಲ್ಲಿ ಆಪಲ್ ಐಫೋನ್ 7ರಿಂದ ಹೆಡ್‌ಫೋನ್ ಜ್ಯಾಕ್ ತೆಗೆದು, ಅದನ್ನು 'ಧೈರ್ಯ' ಅಂತ ಕರೆಯಿತು. ಎಲ್ಲರೂ ನಕ್ಕರು. ಗೂಗಲ್ ಅದೇ ವರ್ಷ ತನ್ನ ಮೊದಲ ಪಿಕ್ಸೆಲ್ ಜಾಹೀರಾತಿನಲ್ಲಿ 'ನಮ್ಮಲ್ಲಿ ಜ್ಯಾಕ್ ಇದೆ' ಅಂತ ಚುಚ್ಚಿತು. ಮರುವರ್ಷ ಪಿಕ್ಸೆಲ್ 2ರಲ್ಲಿ ಜ್ಯಾಕ್ ಇರಲಿಲ್ಲ. ಸ್ಯಾಮ್‌ಸಂಗ್ ಇನ್ನೂ ಸ್ವಲ್ಪ ದಿನ ಆಡಿಕೊಂಡಿತು, 2019ರಲ್ಲಿ ನೋಟ್ 10 ತಂದಾಗ ತಾನೂ ತೆಗೆಯಿತು.

ಚಾರ್ಜರ್ ಕಥೆಯೂ ಅದೇ. 2020ರ ಅಕ್ಟೋಬರಿನಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಮಾಯವಾಯಿತು. ಸ್ಯಾಮ್‌ಸಂಗ್ ತನ್ನ ಚಾರ್ಜರ್ ಫೋಟೊ ಹಾಕಿ, ನಮ್ಮ ಫೋನ್ ಜೊತೆ ಇದು ಬರುತ್ತದೆ ಅಂತ ಬರೆಯಿತು. ಮೂರೇ ತಿಂಗಳು. 2021ರ ಜನವರಿಯಲ್ಲಿ ಅದರದ್ದೇ ಗ್ಯಾಲಕ್ಸಿ ಎಸ್21 ಬಂತು, ಡಬ್ಬಿ ತೆರೆದರೆ ಚಾರ್ಜರ್ ಇಲ್ಲ. ಹಳೆಯ ಪೋಸ್ಟೂ ಸದ್ದಿಲ್ಲದೆ ಕಾಣೆಯಾಯಿತು.

ಇನ್ನೊಂದು ಕಡೆ ನೋಡಿ. 2011ರಲ್ಲಿ ಆಪಲ್ 'ನಮ್ಮ ವಿನ್ಯಾಸ ಕದ್ದಿದ್ದಾರೆ' ಅಂತ ಸ್ಯಾಮ್‌ಸಂಗ್ ಮೇಲೆ ಕೇಸು ಹಾಕಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ನೂರು ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೊಡಬೇಕು ಅಂದಿತು. ಆಮೇಲೆ ಆ ಮೊತ್ತ ಇಳಿಯಿತು, 2018ರಲ್ಲಿ ರಾಜಿಯಾಯಿತು. ಕೇಸು ಶುರುವಾದಾಗ ಐಫೋನಿನ ಪ್ರೊಸೆಸರ್ ತಯಾರಾಗುತ್ತಿದ್ದದ್ದು ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ! 2017ರ ಐಫೋನ್ ಟೆನ್‌ನ ಪರದೆ ಕೊಟ್ಟಿದ್ದೂ ಸ್ಯಾಮ್‌ಸಂಗ್ ಡಿಸ್‌ಪ್ಲೇ. ಇನ್ನು ಗೂಗಲ್, ಐಫೋನಿನ ಸಫಾರಿಯಲ್ಲಿ ತನ್ನ ಹುಡುಕಾಟವೇ ಮೊದಲಿರಲಿ ಅಂತ 2022ರಲ್ಲಿ ಒಂದೇ ವರ್ಷಕ್ಕೆ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು ಅನ್ನುವುದು ಅಮೆರಿಕದ ಕೋರ್ಟಿನ ದಾಖಲೆಯಲ್ಲೇ ಇದೆ.

ಹಗಲು ಬೀದಿಯಲ್ಲಿ ಕುಸ್ತಿ, ರಾತ್ರಿ ಒಂದೇ ಎಲೆಯಲ್ಲಿ ಊಟ. ನಾವು ಮಾತ್ರ ಗ್ರೂಪಿನಲ್ಲಿ ಭಾವ-ಮೈದುನ ಮಾತು ಬಿಡುತ್ತೇವೆ.

ಅಮೆರಿಕದ ಜಗಳದಲ್ಲಿ ಅರ್ಧ ನಮಗೆ ಸಂಬಂಧವೇ ಇಲ್ಲ. ಅಲ್ಲಿ ಆಪಲ್‌ನ ಮೆಸೇಜ್ ಸೇವೆ ಐಮೆಸೇಜ್‌ನಲ್ಲಿ ಐಫೋನಿನವರ ಮಾತು ನೀಲಿ, ಆಂಡ್ರಾಯ್ಡ್‌ನವರದ್ದು ಹಸಿರು. ಹಸಿರು ಬಂದರೆ ಹೈಸ್ಕೂಲ್ ಹುಡುಗರು ಗ್ರೂಪಿಗೆ ಸೇರಿಸಲ್ಲ ಅಂತೆಲ್ಲ ಚರ್ಚೆ. ನಮ್ಮಲ್ಲಿ ಹಾಲಿನವರಿಂದ ಹಿಡಿದು ಹೆಡ್‌ಮಾಸ್ತರವರೆಗೆ ಎಲ್ಲರೂ ವಾಟ್ಸಾಪ್. ವಾಟ್ಸಾಪಿನಲ್ಲಿ ಎಲ್ಲರೂ ಹಸಿರೇ. ಆಪಲ್ ಪೇ ಕೂಡ ಹಾಗೇ. 2025ರವರೆಗೂ ಇಲ್ಲಿ ಅದು ಬಂದಿರಲಿಲ್ಲ, ಬೇಕಾಗಿಯೂ ಇಲ್ಲ. ಫೋನ್‌ಪೇ, ಗೂಗಲ್ ಪೇ ಎರಡೂ ಕಡೆ ಓಡುತ್ತವೆ. ಅಮೆರಿಕದ ಯೂಟ್ಯೂಬರ್ ಈ ಕಾರಣಗಳಿಗೆ 'ಐಫೋನ್ ಬಿಟ್ಟು ಹೋಗೋಕೆ ಆಗಲ್ಲ' ಅಂದರೆ, ಅದು ಅವನ ಪಾಡು.

ಭಾವನ ಕಾಲ್ ರೆಕಾರ್ಡಿಂಗ್

ಹಾಗಾದರೆ ನಮಗೆ ಸಂಬಂಧ ಇರುವುದು ಯಾವುದು? ಭಾವನನ್ನೇ ನೋಡಿ. ಅವರದ್ದು ಅಡಿಕೆ ವ್ಯಾಪಾರ. ರೇಟು ಮಾತಾಡುವುದು ಫೋನಿನಲ್ಲೇ. ಯಾರು ಎಷ್ಟು ಚೀಲಕ್ಕೆ ಎಷ್ಟು ಅಂದರು ಅಂತ ಸಂಜೆ ಕೂತು ಮತ್ತೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರಿಗೆ ಫೋನ್ ಅಂದರೆ ಮೊದಲು ಕಾಲ್ ರೆಕಾರ್ಡಿಂಗ್, ಆಮೇಲೆ ಉಳಿದದ್ದು.

ಐಫೋನಿನಲ್ಲಿ ಈ ಸೌಲಭ್ಯ ಬಂದಿದ್ದೇ 2024ರ ಅಕ್ಟೋಬರಿನಲ್ಲಿ, ಅದರ ಸಾಫ್ಟ್‌ವೇರ್ ಐಒಎಸ್ 18.1ರ ಜೊತೆ. ಒತ್ತಿದ ಕೂಡಲೇ 'ಈ ಕರೆ ರೆಕಾರ್ಡ್ ಆಗುತ್ತಿದೆ' ಅಂತ ಎರಡೂ ಕಡೆಗೆ ಕೇಳಿಸುತ್ತದೆ. ಗೂಗಲ್‌ನ ಡಯಲರ್ (ಕರೆ ಮಾಡುವ ಆಪ್) ಇರುವ ಆಂಡ್ರಾಯ್ಡ್‌ಗಳಲ್ಲೂ ಹೀಗೇ ಘೋಷಣೆ ಆಗುತ್ತದೆ. ಸ್ಯಾಮ್‌ಸಂಗ್‌ನ ಸ್ವಂತ ಡಯಲರ್‌ನಲ್ಲಿ ನಮ್ಮ ದೇಶದಲ್ಲಿ ಆ ಘೋಷಣೆ ಇಲ್ಲ. ಭಾವ ಸ್ಯಾಮ್‌ಸಂಗ್ ಬಿಡದಿರುವುದಕ್ಕೆ ಇದೊಂದೇ ಕಾರಣ, ಉಳಿದ ವಾದವೆಲ್ಲ ಗ್ರೂಪಿಗಾಗಿ. ಎದುರಿನವರಿಗೆ ಹೇಳಿ ರೆಕಾರ್ಡ್ ಮಾಡುವುದು ಮರ್ಯಾದೆ ಅಂತ ನಾನು ಅವರಿಗೆ ಹೇಳುತ್ತಲೇ ಇರುತ್ತೇನೆ. 'ಹೇಳಿದ್ರೆ ಅವ್ರು ರೇಟೇ ಹೇಳಲ್ಲ' ಅಂತಾರೆ.

ಇಂಥದ್ದೊಂದು ಪ್ರತಿಯೊಬ್ಬರಿಗೂ ಇರುತ್ತದೆ. ದಿನಕ್ಕೆ ಹತ್ತು ಸಲ ಮಾಡುವ ಒಂದು ಕೆಲಸ. ಅಂಗಡಿಗೆ ಹೋಗುವ ಮೊದಲು ಅದು ಯಾವುದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ನಿರ್ಧಾರ ಅರ್ಧ ಅಲ್ಲೇ ಆಗಿಬಿಡುತ್ತದೆ.

ಕನ್ನಡದ ಲೆಕ್ಕ

ಫೋನಿನ ಮೆನು, ಸೆಟ್ಟಿಂಗ್ ಎಲ್ಲ ಕನ್ನಡದಲ್ಲಿ ಕಾಣಬೇಕು ಅಂದರೆ ಆಂಡ್ರಾಯ್ಡ್‌ನಲ್ಲಿ ಅದು 2014ರ ಲಾಲಿಪಾಪ್ ಆವೃತ್ತಿಯ ಕಾಲದಿಂದಲೇ ಇದೆ. ಐಫೋನಿನಲ್ಲಿ ಬಂದಿದ್ದು 2025ರಲ್ಲಿ, ಐಒಎಸ್ 18.4ರಲ್ಲಿ. ಹನ್ನೊಂದು ವರ್ಷ ತಡ! ಅಷ್ಟರಲ್ಲಿ ಪೀಣ್ಯದಲ್ಲಿ ಐಫೋನ್ ತಯಾರಿಕೆ ಶುರುವಾಗಿ (2017), ಕೋಲಾರದ ನರಸಾಪುರಕ್ಕೆ ಹೋಗಿ, ಆ ಕಾರ್ಖಾನೆ ಟಾಟಾ ಕೈಗೂ ಬಂದಿತ್ತು. ಕೋಲಾರದ ಹೆಣ್ಣುಮಕ್ಕಳ ಕೈಯಲ್ಲಿ ತಯಾರಾದ ಫೋನಿಗೆ ಅವರ ಭಾಷೆಯ ಮೆನು ಇರಲಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ. ಈಗ ಬಂದಿದೆ, ಸರಿ.

ಟೈಪಿಂಗ್ ವಿಷಯ ಬೇರೆ. ನಮ್ಮಮ್ಮ ಬೆರಳಲ್ಲಿ ಬರೆಯುವುದೇ ಇಲ್ಲ, ಮೈಕ್ ಒತ್ತಿ ಮಾತಾಡುತ್ತಾರೆ. ಗೂಗಲ್ ಕೀಬೋರ್ಡಿನ ಕನ್ನಡ ಧ್ವನಿ ಟೈಪಿಂಗ್ 2017ರಿಂದ ಇದೆ, ಈಗಂತೂ ಅಮ್ಮನ ಸಾಗರದ ಕನ್ನಡವನ್ನೂ ಬಹುಮಟ್ಟಿಗೆ ಹಿಡಿಯುತ್ತದೆ. 'ಹಲಸಿನಕಾಯಿ ಹಪ್ಪಳ ಹಾಕಿದ್ದೇನೆ, ತಗೊಂಡು ಹೋಗು' ಅಂತ ಹೇಳಿದರೆ ಅಕ್ಷರ ತಪ್ಪಿಲ್ಲದೆ ಬರುತ್ತದೆ. ಗೂಗಲ್‌ನ ಮಾತಾಡುವ ಎಐ ಜೆಮಿನಿ ಲೈವ್ 2024ರ ಅಕ್ಟೋಬರಿನಲ್ಲಿ ಕನ್ನಡ ಕಲಿಯಿತು. ವಯಸ್ಸಾದವರಿಗೆ, ಕನ್ನಡದಲ್ಲೇ ದಿನ ಕಳೆಯುವವರಿಗೆ ನನ್ನ ಮತ ಕಣ್ಣುಮುಚ್ಚಿ ಆಂಡ್ರಾಯ್ಡ್‌ಗೆ.

ಎಐ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರಲ್ಲಿ ಆಪಲ್ ತನ್ನ ಧ್ವನಿ ಸಹಾಯಕಿ ಸಿರಿಯ ಹೊಸ ಬುದ್ಧಿವಂತ ರೂಪವನ್ನು ಜಾಹೀರಾತಿನಲ್ಲಿ ತೋರಿಸಿ ಐಫೋನ್ 16 ಮಾರಿತು. 2025ರ ಮಾರ್ಚಿನಲ್ಲಿ 'ಅದು ತಡವಾಗುತ್ತದೆ' ಅಂದಿತು. ಮುಂದೆ ಬರುತ್ತದೆ ಅಂದದ್ದಕ್ಕೆ ಇವತ್ತು ದುಡ್ಡು ಕೊಡಬೇಡಿ. ಇದು ಎಲ್ಲ ಕಂಪನಿಗೂ ಅನ್ವಯ.

ಬ್ಯಾಟರಿ: ದೊಡ್ಡದೋ, ಹಳೆಯದೋ?

2020ರ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾದಲ್ಲಿ 5,000 ಎಂಎಎಚ್ (ಚಾರ್ಜ್ ಹಿಡಿಯುವ ಅಳತೆ) ಬ್ಯಾಟರಿ ಇತ್ತು. 2025ರ ಎಸ್25 ಅಲ್ಟ್ರಾದಲ್ಲೂ 5,000. ಅದೇ 2025ರಲ್ಲಿ ರಿಯಲ್‌ಮಿ ಜಿಟಿ 7ರಲ್ಲಿ 7,000, ಒನ್‌ಪ್ಲಸ್ 15ರಲ್ಲಿ 7,300. ಫೋನೇನೂ ಇಟ್ಟಿಗೆಯಾಗಿಲ್ಲ. ಇದು ಹೇಗೆ?

ಸಾಮಾನ್ಯ ಬ್ಯಾಟರಿಯ ಒಂದು ತುದಿಯಲ್ಲಿ ಗ್ರಾಫೈಟ್ ಇರುತ್ತದೆ. ಅದರ ಜಾಗಕ್ಕೆ ಸಿಲಿಕಾನ್ ಬೆರೆಸಿದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಲಿಥಿಯಂ ಹಿಡಿಸುತ್ತದೆ. ತೊಂದರೆ ಏನೆಂದರೆ, ಚಾರ್ಜ್ ಆದಾಗ ಸಿಲಿಕಾನ್ ಅಕ್ಕಿ ನೆನೆದ ಹಾಗೆ ಊದುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಆ ಊತ ತಡೆಯಲು ಕಾರ್ಬನ್ ಜೊತೆ ಹೆಣೆಯುತ್ತಾರೆ. ಚೀನಾದ ಕಂಪನಿಗಳು ಇದಕ್ಕೆ ಧೈರ್ಯವಾಗಿ ಕೈ ಹಾಕಿವೆ. ಸ್ಯಾಮ್‌ಸಂಗ್ ಹಿಂದೆ ಸರಿದು ನಿಂತಿದೆ, ಮತ್ತು ಅದಕ್ಕೆ ಕಾರಣ 2016ರಲ್ಲೇ ಇದೆ ಅಂತ ನನ್ನ ಅನುಮಾನ.

ಆ ವರ್ಷ ಗ್ಯಾಲಕ್ಸಿ ನೋಟ್ 7 ಆಗಸ್ಟಿನಲ್ಲಿ ಬಂತು, ಅಕ್ಟೋಬರಿನಲ್ಲಿ ಸತ್ತಿತು. ಮಧ್ಯದಲ್ಲಿ ಫೋನುಗಳು ಹೊತ್ತಿಕೊಂಡವು, ವಾಪಸ್ ಪಡೆದು ಬದಲಿ ಕೊಟ್ಟರು, ಬದಲಿಯೂ ಹೊತ್ತಿಕೊಂಡಿತು. ವಿಮಾನದಲ್ಲಿ ಅದನ್ನು ಬಳಸಬೇಡಿ ಅಂತ ಗಗನಸಖಿಯರು ಹೆಸರು ಹಿಡಿದು ಹೇಳುತ್ತಿದ್ದರು. ಆಮೇಲೆ ಕಂಪನಿಯೇ ಕಾರಣ ಹೇಳಿತು: ಒಬ್ಬ ಪೂರೈಕೆದಾರರ ಬ್ಯಾಟರಿಯಲ್ಲಿ ಮೂಲೆಗೆ ಜಾಗ ಸಾಲದೆ ಒಳಗಿನ ಪದರ ಬಾಗಿತ್ತು, ಇನ್ನೊಬ್ಬರದ್ದರಲ್ಲಿ ಬೆಸುಗೆಯ ಮುಳ್ಳು ಉಳಿದು ಒಳಪದರ ಚುಚ್ಚಿತ್ತು. ಒಮ್ಮೆ ಕೈ ಸುಟ್ಟುಕೊಂಡವರು ಒಲೆ ಹತ್ತಿರ ನಿಧಾನವಾಗಿಯೇ ಹೋಗುತ್ತಾರೆ.

ಆರಿಸುವವರಿಗೆ ನನ್ನ ಮಾತು: ದಿನವಿಡೀ ಹೊರಗೆ ಓಡಾಡುವವರು, ಡೆಲಿವರಿ ಮಾಡುವವರು, ಕರೆಂಟು ಹೋದರೆ ಎರಡು ದಿನ ಬರದ ಮಲೆನಾಡಿನವರು ದೊಡ್ಡ ಬ್ಯಾಟರಿಯ ಫೋನನ್ನೇ ತಗೊಳ್ಳಿ. ಐದು ವರ್ಷದ ನಂತರ ಈ ಹೊಸ ಬ್ಯಾಟರಿ ಹೇಗಿರುತ್ತದೆ ಅನ್ನುವುದು ಕಾಲವೇ ಹೇಳಬೇಕು. ಆದರೆ 7,000ದಲ್ಲಿ ಕಾಲು ಭಾಗ ಸವೆದರೂ ಉಳಿಯುವುದು 5,250. ಹೊಸ ಎಸ್25 ಅಲ್ಟ್ರಾಗಿಂತ ಜಾಸ್ತಿ!

ಬ್ಯಾಟರಿ ಹಳೆಯದಾದಾಗ ಕಂಪನಿ ಏನು ಮಾಡುತ್ತದೆ ಅನ್ನುವುದನ್ನೂ ನೋಡಿ. ಆಪಲ್ ಹಳೆಯ ಐಫೋನುಗಳನ್ನು ಹೇಳದೇ ಕೇಳದೇ ನಿಧಾನ ಮಾಡುತ್ತಿದ್ದದ್ದು 2017ರ ಡಿಸೆಂಬರಿನಲ್ಲಿ ಬಯಲಾಯಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಮಾಡಿದ್ದು ಅಂದರು, ಕ್ಷಮೆ ಕೇಳಿದರು, ಬ್ಯಾಟರಿ ಬೆಲೆ ಇಳಿಸಿದರು. ಗೂಗಲ್ 2025ರಲ್ಲಿ ಪಿಕ್ಸೆಲ್ 4ಎ, 6ಎ ಫೋನುಗಳಿಗೆ ಅಪ್‌ಡೇಟ್ ಕಳಿಸಿ ಬ್ಯಾಟರಿ ಹಿಡಿಯುವ ಶಕ್ತಿಯನ್ನೇ ತಗ್ಗಿಸಿತು. 6ಎ ವಿಷಯದಲ್ಲಿ ಬಿಸಿಯಾಗುವ ಅಪಾಯ ತಪ್ಪಿಸಲು ಅಂದಿತು. ಯಾರೂ ಸಾಚಾ ಅಲ್ಲ.

ಮೂರನೇ ವರ್ಷ ಏನಾಗುತ್ತದೆ

ಈಗ ನನ್ನ ಅಪ್ಪನ ಫೋನಿನ ವಿಷಯ. ಬ್ರ್ಯಾಂಡ್ ಹೆಸರು ಬೇಡ. ಒಳ್ಳೆಯ ಫೋನೇ, 30 ಸಾವಿರ ಚಿಲ್ಲರೆ ಕೊಟ್ಟಿದ್ದೆ. ಎರಡು ವರ್ಷ ಮುಗಿದ ಮೇಲೆ ಒಂದು ರಾತ್ರಿ ಅಪ್‌ಡೇಟ್ ಹಾಕಿ ಮಲಗಿದರು. ಬೆಳಗ್ಗೆ ಎದ್ದರೆ ಪರದೆಯ ಎಡಗಡೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ಗರಿಕೆ ಹುಲ್ಲಿನ ಎಸಳಿನಷ್ಟು ತೆಳು, ಅಷ್ಟೇ ಹಸಿರು. ವಾರದಲ್ಲಿ ಪಕ್ಕಕ್ಕೆ ಇನ್ನೊಂದು.

ನಮ್ಮ ಊರಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇರಲಿಲ್ಲ. ಶಿವಮೊಗ್ಗಕ್ಕೆ ಹೋಗಬೇಕು, ಬಸ್ಸಿನಲ್ಲಿ ಎರಡು ಗಂಟೆ. ಅಲ್ಲಿನ ಹುಡುಗ ಫೋನ್ ತಿರುಗಿಸಿ ನೋಡಿ, 'ವಾರಂಟಿ ಮುಗಿದಿದೆ ಅಂಕಲ್, ಡಿಸ್‌ಪ್ಲೇಗೆ ಹನ್ನೊಂದು ಸಾವಿರ ಆಗುತ್ತೆ, ಪಾರ್ಟು ಬರೋಕೆ ಹದಿನೈದು ದಿನ' ಅಂದ. ಅಪ್ಪ ಫೋನ್ ವಾಪಸ್ ಇಸಕೊಂಡು, ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಬಂದರು. ಇವತ್ತಿಗೂ ಆ ಎರಡು ಗೆರೆಯ ನಡುವೆಯೇ ಪೇಪರ್ ಓದುತ್ತಾರೆ.

ಈ ಹಸಿರು ಗೆರೆ ಅಮೋಲೆಡ್ ಅನ್ನುವ ಬಗೆಯ ಪರದೆಗಳ ರೋಗ. ಹಲವು ಬ್ರ್ಯಾಂಡ್‌ಗಳಲ್ಲಿ ಬಂದಿದೆ. ಕೆಲವು ಕಂಪನಿಗಳು ಆಯ್ದ ಮಾಡೆಲ್‌ಗಳಿಗೆ ವಾರಂಟಿ ಮುಗಿದ ಮೇಲೂ ಪುಕ್ಕಟೆ ಪರದೆ ಹಾಕಿಕೊಟ್ಟವು. ನಿಮ್ಮ ಫೋನಿಗೆ ಬಂದರೆ ದುಡ್ಡು ಕೊಡುವ ಮೊದಲು ಇದನ್ನು ಗಟ್ಟಿಯಾಗಿ ಕೇಳಿ.

ಆ ದಿನದಿಂದ ನಾನು ಯಾರಿಗಾದರೂ ಫೋನ್ ಹೇಳುವ ಮೊದಲು ಮ್ಯಾಪ್ ತೆಗೆಯುತ್ತೇನೆ. ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಅವರ ಊರಿಂದ ಎಷ್ಟು ದೂರ? ಬೆಂಗಳೂರಿನವರಿಗೆ ಇದು ಪ್ರಶ್ನೆಯೇ ಅಲ್ಲ. 2025ರ ಸೆಪ್ಟೆಂಬರಿನಲ್ಲಿ ಹೆಬ್ಬಾಳದ ಹತ್ತಿರ ಆಪಲ್‌ನ ಸ್ವಂತ ಅಂಗಡಿಯೇ ಬಂತು. ವಾರಂಟಿ ಮುಗಿದಿದ್ದರೆ ಎಸ್‌ಪಿ ರೋಡ್‌ನ ರಿಪೇರಿ ಅಂಗಡಿಗಳು ಇದ್ದೇ ಇವೆ. ಆದರೆ ಸಿರಸಿ, ಸಿಂಧನೂರು, ಚಳ್ಳಕೆರೆಯಲ್ಲಿ ಇರುವವರಿಗೆ ಇದೇ ಮೊದಲ ಪ್ರಶ್ನೆಯಾಗಬೇಕು. ಪಿಕ್ಸೆಲ್ ನನಗೆ ಬಹಳ ಇಷ್ಟದ ಫೋನು, ಆದರೂ ತಾಲ್ಲೂಕು ಕೇಂದ್ರದಲ್ಲಿ ಇರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಎರಡನೆಯದು ಅಪ್‌ಡೇಟ್. ಇಲ್ಲಿ ಹಳೆಯ ಮಾತು ಹಳತಾಯಿತು. 'ಐಫೋನಿಗೆ ಮಾತ್ರ ವರ್ಷಗಟ್ಟಲೆ ಅಪ್‌ಡೇಟ್ ಬರುತ್ತದೆ' ಅನ್ನುವುದು ಒಂದು ಕಾಲಕ್ಕೆ ನಿಜ. 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಒಎಸ್ 18 ಕೂಡ ಸಿಕ್ಕಿತು, ಅದರ ಮುಂದಿನದಕ್ಕೆ ಕೈಬಿಟ್ಟರು. ಆದರೆ 2023ರ ಅಕ್ಟೋಬರಿನಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಂತ ಬರೆದುಕೊಟ್ಟಿತು. ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಅದನ್ನೇ ಹೇಳಿತು. ಇನ್ನೂ ಖುಷಿಯ ವಿಷಯ, 20 ಸಾವಿರದೊಳಗಿನ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ. ಕಂಪನಿಗಳ ಪೈಪೋಟಿಯಿಂದ ನಮಗೆ ನಿಜವಾಗಿ ಸಿಕ್ಕ ಲಾಭ ಅಂದರೆ ಇದು.

ಅದೇ ಬೆಲೆಯ ಬೇರೆ ಫೋನುಗಳು ವೇಗದಲ್ಲಿ, ಚಾರ್ಜಿಂಗ್‌ನಲ್ಲಿ ಎ16ಅನ್ನು ಸುಲಭವಾಗಿ ಸೋಲಿಸುತ್ತವೆ. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಸ್ಯಾಮ್‌ಸಂಗ್ ಮಂಕಾಗಿ ಕಾಣುತ್ತದೆ. ಆಟ ಆಡುವ ಹುಡುಗರು ತಗೋಬೇಡಿ. ವಾಟ್ಸಾಪ್, ಯುಪಿಐ, ಯೂಟ್ಯೂಬ್ ಸಾಕು ಅನ್ನುವ ಅಪ್ಪ-ಅಮ್ಮನಿಗೆ ಇದೇ ಸರಿ. ವಾಟ್ಸಾಪ್, ಬ್ಯಾಂಕಿನ ಆಪ್‌ಗಳು ಹಳೆಯ ಆವೃತ್ತಿಯ ಫೋನುಗಳನ್ನು ಒಂದು ದಿನ ಕೈಬಿಟ್ಟೇ ಬಿಡುತ್ತವೆ. ಆ ದಿನ ಮೂರನೇ ವರ್ಷಕ್ಕೆ ಬರುತ್ತದೋ ಏಳನೇ ವರ್ಷಕ್ಕೋ ಅನ್ನುವುದು ತಗೊಳ್ಳುವಾಗಲೇ ಗೊತ್ತಿರಬೇಕು.

ಅಗ್ಗದ ಫೋನುಗಳ ಇನ್ನೊಂದು ಕಿರಿಕಿರಿ ಜಾಹೀರಾತು. ಗಂಟೆ ನೋಡಲು ಪರದೆ ಹೊತ್ತಿಸಿದರೆ ಯಾವುದೋ ಸಿನಿಮಾ ನಟಿಯ ಸುದ್ದಿ. ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ಇದು ಗ್ಲಾನ್ಸ್ ಅನ್ನುವ ಸೇವೆ, ನಮ್ಮ ಬೆಂಗಳೂರಿನದ್ದೇ. ಸೆಟ್ಟಿಂಗ್‌ನಲ್ಲಿ ಲಾಕ್ ಸ್ಕ್ರೀನ್‌ಗೆ ಹೋಗಿ ಆಫ್ ಮಾಡಬಹುದು. ಅಮ್ಮನ ಫೋನ್ ಕೈಗೆ ಸಿಕ್ಕಾಗ ಮೊದಲು ಆ ಕೆಲಸ ಮಾಡಿ.

60ರಿಂದ 85 ಸಾವಿರ: ನಿಜವಾದ ಪೈಪೋಟಿ

ಇಲ್ಲಿ ಎರಡು ಪಕ್ಷಗಳೂ ನೇರ ಎದುರಾಗುತ್ತವೆ. 2025ರಲ್ಲಿ ಐಫೋನ್ 17 ಬಂದಾಗ ಬೆಲೆ 82,900. ಸ್ಯಾಮ್‌ಸಂಗ್ ಎಸ್25 ಬಂದಾಗ 80,999. ಎರಡರಲ್ಲೂ 256 ಜಿಬಿ.

ಹಿಂದಿನ ವರ್ಷ ಕೇಳಿದ್ದರೆ ನಾನು ಐಫೋನ್ ಬೇಡ ಅಂತಿದ್ದೆ. ಐಫೋನ್ 16ಕ್ಕೆ 79,900 ಕೊಟ್ಟರೂ ಪರದೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು. 12 ಸಾವಿರದ ಫೋನಿನಲ್ಲಿ 120 ಇತ್ತು. ಬೆರಳಿಟ್ಟು ಎಳೆದರೆ ಕಣ್ಣಿಗೇ ಕಾಣುತ್ತಿತ್ತು. ಅಭಿಮಾನಿಗಳು 'ಆಪಲ್‌ನ 60 ಬೇರೆ' ಅಂತ ವಾದಿಸುತ್ತಿದ್ದರು. 17ರಲ್ಲಿ ಆಪಲ್ 120 ಕೊಟ್ಟಿತು. ಆ ವಾದ ಮಾಡುತ್ತಿದ್ದವರೇ ಈಗ 'ಅಬ್ಬಾ ಎಷ್ಟು ಸ್ಮೂತ್' ಅನ್ನುತ್ತಿದ್ದಾರೆ. ಸುಮ್ನೆ ನಕ್ಕು ಮುಂದೆ ಹೋಗೋಣ.

ಸ್ಯಾಮ್‌ಸಂಗ್‌ನವರ ತಪ್ಪೂ ಹೇಳಬೇಕಲ್ಲ. ಎಸ್24ಕ್ಕೆ ಅಮೆರಿಕದಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್ ಕೊಟ್ಟು, ನಮಗೆ ತನ್ನದೇ ಎಕ್ಸಿನೋಸ್ ಕೊಟ್ಟಿತು. ಹೆಸರು ಅದೇ, ಒಳಗಿನ ಸರಕು ಬೇರೆ. ಎಸ್25ರಲ್ಲಿ ಎಲ್ಲ ದೇಶಕ್ಕೂ ಸ್ನ್ಯಾಪ್‌ಡ್ರ್ಯಾಗನ್. ರಿಯಾಯಿತಿಯಲ್ಲಿ ಹಳೆಯ ಎಸ್ ಮಾಡೆಲ್ ತಗೊಳ್ಳುವವರು ಒಳಗಿರುವ ಪ್ರೊಸೆಸರ್ ಯಾವುದು ಅಂತ ಖಚಿತ ಮಾಡಿಕೊಂಡೇ ದುಡ್ಡು ಕೊಡಿ.

ನನ್ನ ತೀರ್ಪು ಹೀಗೆ. ಮೂರು ವರ್ಷಕ್ಕೆ ಮಾರಿ ಹೊಸದು ತಗೊಳ್ಳುವ ಅಭ್ಯಾಸ ಇದ್ದರೆ ಐಫೋನ್ 17. ಹಳೆಯ ಐಫೋನಿಗೆ ಸಿಗುವ ಬೆಲೆ ಹಳೆಯ ಆಂಡ್ರಾಯ್ಡ್‌ಗೆ ಸಿಗುವುದಿಲ್ಲ, ಯಾವ ಎಕ್ಸ್‌ಚೇಂಜ್ ಕೌಂಟರಿನಲ್ಲಿ ಬೇಕಾದರೂ ಕೇಳಿ ನೋಡಿ. ಮಕ್ಕಳ ವಿಡಿಯೊ ಜಾಸ್ತಿ ತೆಗೆಯುವವರಿಗೂ ಐಫೋನ್. ಫೋನ್ ಸಾಯುವವರೆಗೂ ಬಳಸುವವರಾದರೆ ಎಸ್25 ತಗೊಳ್ಳಿ, ಅದೂ ಬಿಡುಗಡೆಯಾದ ತಿಂಗಳಲ್ಲಿ ಬೇಡ. ಸ್ಯಾಮ್‌ಸಂಗ್ ಬೆಲೆ ಹಬ್ಬದ ಹೊತ್ತಿಗೆ ದಡಬಡ ಇಳಿಯುತ್ತದೆ, ಐಫೋನಿನದ್ದು ಅಷ್ಟು ಬೇಗ ಜಗ್ಗುವುದಿಲ್ಲ. 50 ಸಾವಿರ ಮೀರಲಾಗದು, ಇರುವುದು ದೊಡ್ಡ ಊರಲ್ಲಿ ಅನ್ನುವವರಿಗೆ ಪಿಕ್ಸೆಲ್ 9ಎ. ಇಡೀ ಸಾಲಿನಲ್ಲಿ ನನಗೆ ತೃಪ್ತಿ ಕೊಟ್ಟ ಕ್ಯಾಮೆರಾ ಅದರದ್ದೇ. ನಮ್ಮ ಬಣ್ಣವನ್ನು ಬಿಳಿಚಿಸದೆ ಇದ್ದ ಹಾಗೆ ತೋರಿಸುತ್ತದೆ, ಮದುವೆ ಮನೆಯ ಕೆಂಪು ರೇಷ್ಮೆ ಸೀರೆಯ ಜರಿ ಕಲಸಿಹೋಗುವುದಿಲ್ಲ.

ಮಡಚುವ ಫೋನು ದುಡ್ಡು ಜಾಸ್ತಿ ಇದ್ದವರ ಖುಷಿ. ತೆಳು ಫೋನು (ಐಫೋನ್ ಏರ್, ಎಸ್25 ಎಡ್ಜ್) ಯಾಕೆ ಬಂತೋ ನನಗಂತೂ ಅರ್ಥವಾಗಿಲ್ಲ. 5.6 ಮಿಲಿಮೀಟರ್ ಫೋನ್ ತಗೊಂಡು ಅದಕ್ಕೆ ದಪ್ಪ ಕವರ್ ಹಾಕುತ್ತೇವೆ, ಅಲ್ವಾ?

'ಅಮೆರಿಕದಿಂದ ತರಿಸಿದ್ರೆ ಅಗ್ಗ' ಅನ್ನುವವರಿಗೆ

ಇದನ್ನು ನಾನು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದ್ದೇನೆ. 2025ರಲ್ಲಿ ಐಫೋನ್ 17 ಬಂದಾಗ ಅಮೆರಿಕದಲ್ಲಿ 799 ಡಾಲರ್. ತೆರಿಗೆ ಬೇರೆ. ನ್ಯೂಜೆರ್ಸಿಯಲ್ಲಿ ಅದು ಶೇ 6.625. ಒಟ್ಟು 852 ಡಾಲರ್. ಡಾಲರಿಗೆ ಆಗಿನ 88 ರೂಪಾಯಿ ಹಿಡಿದರೆ ಸುಮಾರು 75 ಸಾವಿರ. ನಮ್ಮ 82,900ರಲ್ಲಿ ಶೇ 18ರ ಜಿಎಸ್‌ಟಿ ಸೇರಿದೆ. ಅದನ್ನು ಕಳೆದರೆ 70,250, ಅಂದರೆ ಹತ್ತಿರ ಹತ್ತಿರ ಅದೇ 799 ಡಾಲರ್! ಹೀಗಾಗಿ ಉಳಿಯುವುದು ಎಂಟು ಸಾವಿರ. ಬ್ಯಾಂಕ್ ಕಾರ್ಡಿನ ರಿಯಾಯಿತಿ ಸಿಕ್ಕರೆ ಅದರಲ್ಲೂ ಬಹುಪಾಲು ಇಲ್ಲೇ ಸಿಗುತ್ತದೆ.

ಐಫೋನ್ 17 ಪ್ರೊ ಲೆಕ್ಕ ಬೇರೆ. ಅಲ್ಲಿ 1,099 ಡಾಲರ್, ತೆರಿಗೆ ಸೇರಿ ಒಂದು ಲಕ್ಷ ಮೂರು ಸಾವಿರ. ಇಲ್ಲಿ 1,34,900. ಮೂವತ್ತು ಸಾವಿರಕ್ಕೂ ಜಾಸ್ತಿ ಉಳಿತಾಯ. ಪ್ರೊ ಬೇಕಾದವರು ತಮ್ಮನನ್ನೋ ಭಾವನನ್ನೋ ಕಾಡಿಸುವುದರಲ್ಲಿ ಅರ್ಥವಿದೆ.

ಆದರೆ ಒಂದು ಷರತ್ತು. ಅಮೆರಿಕದ ಐಫೋನಿನಲ್ಲಿ 2022ರ ಐಫೋನ್ 14ರಿಂದಲೇ ಸಿಮ್ ಹಾಕುವ ಜಾಗ ಇಲ್ಲ. ಬರೀ ಇ-ಸಿಮ್, ಅಂದರೆ ಫೋನಿನೊಳಗೇ ಇರುವ, ತೆಗೆಯಲಾಗದ ಸಿಮ್. 17ರ ಸಾಲಿನಲ್ಲಿ ದುಬೈ, ಕತಾರ್, ಸೌದಿ, ಕೆನಡಾ, ಜಪಾನಿನ ಫೋನುಗಳಿಗೂ ಅದೇ ಆಯಿತು. ಇಲ್ಲಿ ಮಾರುವ 17ರಲ್ಲಿ ಸಿಮ್ ಜಾಗ ಇದೆ. ಐಫೋನ್ ಏರ್‌ಗೆ ಮಾತ್ರ ಎಲ್ಲೂ ಇಲ್ಲ. ಜಿಯೊ, ಏರ್‌ಟೆಲ್, ವಿಐ ಮೂರರಲ್ಲೂ ಇ-ಸಿಮ್ ಸಿಗುತ್ತದೆ, ಪೇಟೆಯವರಿಗೆ ತೊಂದರೆ ಇಲ್ಲ. ಫೋನ್ ಕೆಟ್ಟ ದಿನ ಮಾತ್ರ ಕಷ್ಟ. ಸಿಮ್ ತೆಗೆದು ಅಪ್ಪನ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ ಓಟಿಪಿ ನೋಡುವ ನಮ್ಮ ಹಳೆಯ ಉಪಾಯ ಅಲ್ಲಿ ನಡೆಯುವುದಿಲ್ಲ.

ಇದು ನಮಗೆ ಗೊತ್ತಾಗಿದ್ದು ಭಾವನಿಂದಲೇ. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ಚಿಕ್ಕಪ್ಪನ ಮಗ ಊರಿಗೆ ಬಂದವನು, ಗ್ರೂಪಿನ ಜಗಳಕ್ಕೆ ಪ್ರೀತಿಯ ಸೇಡು ಅಂತ ಭಾವನಿಗೆ ಒಂದು ಐಫೋನ್ 14 ತಂದ. ಭಾವ ಜಗಲಿಯಲ್ಲಿ ಕೂತು ಡಬ್ಬಿ ಬಿಚ್ಚಿದರು. ಮುಖದಲ್ಲಿ ನಗು ಮುಚ್ಚಿಡಲು ಆಗುತ್ತಿರಲಿಲ್ಲ. ಹಳೆಯ ಫೋನಿನಿಂದ ಸಿಮ್ ತೆಗೆದರು. ಅಕ್ಕನ ಹತ್ತಿರ ಸೇಫ್ಟಿ ಪಿನ್ ಇಸಕೊಂಡರು. ಫೋನನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು.

'ತೂತೇ ಇಲ್ವಲ್ಲೋ ಇದ್ಕೆ?'

ಅವರ ತೋಟದಲ್ಲಿ ಸಿಗ್ನಲ್ ಹಿಡಿಯುವುದು ಒಂದೇ ಕಂಪನಿಯದ್ದು, ಅದರಲ್ಲಿ ಆಗ ಇ-ಸಿಮ್ ಕೊಡುತ್ತಿರಲಿಲ್ಲ. ಸಂಜೆ ಹೊತ್ತಿಗೆ ಸಿಮ್ ಮತ್ತೆ ಸ್ಯಾಮ್‌ಸಂಗ್ ಸೇರಿತು. ಐಫೋನ್ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದ ಅವರ ಮಗಳ ಕೈಗೆ ಹೋಯಿತು. ಅಕ್ಕ ನನ್ನನ್ನು ಕೇಳುತ್ತಿರುವುದು ಅದೇ ಮಗಳಿಗೆ. ಬ್ಯಾಟರಿ ಈಗ ಶೇ 81ಕ್ಕೆ ಇಳಿದಿದೆಯಂತೆ. ಹೊಸ ಫೋನ್ ಬೇಡ, ಬ್ಯಾಟರಿ ಹಾಕಿಸು ಅಂತ ಹೇಳಿದ್ದೇನೆ. ಹುಡುಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.